ಮೂಡಿಗಾಗಿ ಕಾಯದವರ ಊರು

ಪಡುಬಿದ್ರಿಯಿಂದ ಕಾರ್ಕಳದ ಬಸ್ಸು ಹತ್ತಿದವರಿಗೆ ನಂದಿಕೂರು ಬಂತೆಂದು ಯಾರೂ ಹೇಳಬೇಕಾಗಿಲ್ಲ. ಪಕ್ಕದ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಚಿಮಣಿಯೇ ಹೇಳುತ್ತದೆ. 600 ಮೆಗಾವಾಟಿನ ಎರಡು ಘಟಕಗಳು, ಒಟ್ಟು 1,200. ಹೊರದೇಶದ ಕಲ್ಲಿದ್ದಲು ಹಡಗಿನಲ್ಲಿ ಬಂದು, ನವಮಂಗಳೂರು ಬಂದರಿನಲ್ಲಿ ಇಳಿದು, ರೈಲು ಹತ್ತಿ ಇಲ್ಲಿಗೆ ಮುಟ್ಟುತ್ತದೆ. ಕಲ್ಲಿದ್ದಲು ಮುಗಿದರೆ ಕರೆಂಟೂ ಮುಗಿಯಿತು. ಬರೆಯುವವರು, ಚಿತ್ರ ಬಿಡಿಸುವವರು, ವೇಷ ಕಟ್ಟುವವರು ತಮ್ಮ ಶಕ್ತಿಯ ಬಗ್ಗೆ ಆಡುವ ಮಾತು ಕೇಳಿದರೆ ಅವರ ಎದೆಯಲ್ಲೂ ಇಂಥದೇ ಒಂದು ಗೋದಾಮು ಇರುವ ಹಾಗೆ ಅನಿಸುತ್ತದೆ. ‘ಈಗ ಮೂಡಿಲ್ಲ ಮಾರಾಯ್ರೆ’, ‘ಪುರುಸೊತ್ತಿಲ್ಲ’, ‘ಮೊದಲಿನ ಕಸುವೆಲ್ಲ ಖರ್ಚಾಯಿತು’. ಹುಟ್ಟುವಾಗಲೇ ಇಂತಿಷ್ಟು ಎಂದು ತುಂಬಿ ಕಳಿಸಿದ ದಾಸ್ತಾನು, ಬಳಸಿದಷ್ಟೂ ತಳ ಕಾಣುತ್ತದೆ ಎಂಬ ನಂಬಿಕೆ ಈ ಮಾತುಗಳ ಅಡಿಯಲ್ಲಿ ಕೂತಿದೆ.

ಆದರೆ ಈ ಚಿಮಣಿಯಿಂದ ಬಸ್ಸಿನ ದಾರಿಯಷ್ಟು ದೂರದಲ್ಲೇ ಬಾಳಿದ ಕಲಾವಿದರ ಕತೆ ಬೇರೆ. ಅವರನ್ನು ನಡೆಸಿದ್ದು ಒಳಗಿನ ದಾಸ್ತಾನಿಗಿಂತ ಹೆಚ್ಚಾಗಿ ಹೊರಗಿನ ಏರ್ಪಾಡು. ಒಂದು ಪ್ರಸಂಗ, ಒಂದು ರಾತ್ರಿ, ಎದುರಿಗೊಬ್ಬ ಮಾತಿನ ಮಲ್ಲ, ಒಂದು ಗಡುವು, ಒಂದು ರಜೆ.

ಪುರುಸೊತ್ತಿನ ವಿಷಯ ಮೊದಲು. ನೌಕರಿ, ಸಂಸಾರ, ಬ್ಯಾಂಕಿನ ಸಾಲ ಇಷ್ಟೂ ಬರವಣಿಗೆಯನ್ನು ಕೊಲ್ಲುತ್ತವೆ, ಪೂರ್ತಿ ಬಿಡುವಿದ್ದವನಿಗೆ ಮಾತ್ರ ಅದು ಒಲಿಯುತ್ತದೆ ಎಂಬುದು ನಮ್ಮಲ್ಲಿ ಅತಿ ಗಟ್ಟಿಯಾಗಿ ಬೇರೂರಿದ ಕಲ್ಪನೆ. ನಂದಿಕೂರಿನಿಂದ ಅದೇ ದಾರಿಯಲ್ಲಿ ಮುಂದೆ ಹೋಗಿ ಬೆಳ್ಮಣ್ಣಿನ ಆಸುಪಾಸಿನಲ್ಲಿ ಒಳಕ್ಕೆ ತಿರುಗಿದರೆ ನಂದಳಿಕೆ. 1870ರಲ್ಲಿ ಅಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಮುಂದೆ ಮುದ್ದಣನಾದವನು, ಹೊಟ್ಟೆಪಾಡಿಗೆ ಮಾಡಿದ ಕೆಲಸ ಡ್ರಿಲ್ ಮಾಸ್ತರಿಕೆ. ಉಡುಪಿಯಲ್ಲೂ ಕುಂದಾಪುರದಲ್ಲೂ ಶಾಲೆಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದ. ‘ರತ್ನಾವತೀ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಯಕ್ಷಗಾನ ಪ್ರಸಂಗಗಳು, ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ರಾಮಾಶ್ವಮೇಧ’ ಇವೆಲ್ಲ ಆ ಸೀಟಿಯ ಸದ್ದಿನ ಆಚೀಚೆ ಹುಟ್ಟಿದವು.

ಇದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಕಾವ್ಯಗಳಿಗೆ ಆತ ತನ್ನ ಹೆಸರು ಹಾಕಲಿಲ್ಲ. ಹಳಗನ್ನಡದಲ್ಲಿ ಬರೆದು, ಇದು ಯಾವುದೋ ಹಿಂದಿನ ಕಾಲದ ಕೃತಿ, ಹಳೆಯ ಪ್ರತಿ ಕೈಗೆ ಸಿಕ್ಕಿದೆ ಎಂಬಂತೆ ಮೈಸೂರಿಗೆ ಕಳಿಸಿದ. ಅಲ್ಲಿನವರು ನಂಬಿ ಅಚ್ಚು ಹಾಕಿದರು. ಬರೆದವನಾರು ಎಂಬುದು ಲೋಕಕ್ಕೆ ಖಚಿತವಾದದ್ದು ಅವನು ಹೋದ ಮೇಲೆ. ಹೊಗಳಿಕೆ ಸಿಕ್ಕರೆ ಮಾತ್ರ ಸೃಜನಶಕ್ತಿ ಹರಿಯುತ್ತದೆ ಎನ್ನುವವರು ಇವನನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಅವನಿಗೆ ಬಂದ ಹೊಗಳಿಕೆಯೆಲ್ಲ ಇಲ್ಲದ ಒಬ್ಬ ಪ್ರಾಚೀನ ಕವಿಯ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ನನಗನಿಸುವುದು, ಆ ಮರೆ ಅವನಿಗೆ ಅನುಕೂಲವೇ ಆಗಿತ್ತು. ಉಡುಪಿಯ ಡ್ರಿಲ್ ಮಾಸ್ತರನ ಕಾವ್ಯವನ್ನು ಪಂಡಿತರು ಯಾವ ಕಣ್ಣಿನಿಂದ ನೋಡುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ.

ಕೇಳುಗರಿಲ್ಲದ ಕೊರತೆಯನ್ನು ಅವನು ತುಂಬಿಕೊಂಡ ಬಗೆ ನೋಡಿ. ‘ರಾಮಾಶ್ವಮೇಧ’ದೊಳಗೆ ಮನೋರಮೆಯನ್ನು ತಂದು ಕೂರಿಸಿದ. ಮಳೆಗಾಲದ ಒಂದು ದಿನ ಗಂಡ ಮನೆಗೆ ಬರುತ್ತಾನೆ, ಹೆಂಡತಿ ಒಂದು ಕತೆ ಹೇಳೆನ್ನುತ್ತಾಳೆ. ಪದ್ಯದಲ್ಲೋ ಗದ್ಯದಲ್ಲೋ ಎಂಬ ಚೌಕಾಶಿ ನಡೆಯುತ್ತದೆ, ಪದ್ಯ ಬೇಡವೆಂದು ಅವಳು ತಳ್ಳಿಹಾಕುತ್ತಾಳೆ. ಸಂಸ್ಕೃತ ಜಾಸ್ತಿಯಾದರೆ ಮೂಗು ಮುರಿಯುತ್ತಾಳೆ. ನಡುನಡುವೆ ಬಾಯಿ ಹಾಕುತ್ತಾಳೆ, ಕಾಲೆಳೆಯುತ್ತಾಳೆ. ಮುಂದಿನ ತಲೆಮಾರುಗಳು ರಾಮನ ಕುದುರೆಯನ್ನು ಮರೆತರೂ ಈ ಗಂಡಹೆಂಡಿರ ಮಾತನ್ನು ಮರೆಯಲಿಲ್ಲ. ಓದುಗರು ಗುರುತಿಸಲಾರದ ಕವಿ, ತನ್ನನ್ನು ಕೆಣಕುವ ಒಬ್ಬ ಕೇಳುಗಾರ್ತಿಯನ್ನು ತಾನೇ ಸೃಷ್ಟಿಸಿಕೊಂಡಿದ್ದ.

ಇಲ್ಲಿ ಒಂದು ಎಚ್ಚರಿಕೆ. ಮುದ್ದಣನ ಹೆಸರೆತ್ತಿದ ಕೂಡಲೇ ‘ನೋಡಿ, ಕಷ್ಟದಲ್ಲೇ ಕಾವ್ಯ ಹುಟ್ಟುವುದು’ ಎಂದು ಯಾರಾದರೂ ಭಾಷಣದ ಧಾಟಿ ಹಿಡಿಯುತ್ತಾರೆ. ಇದು ಅಪಾಯದ ಮಾತು. 1901ರಲ್ಲಿ ಕ್ಷಯರೋಗ ಅವನನ್ನು ಒಯ್ದಾಗ ವಯಸ್ಸು ಮೂವತ್ತೊಂದು. ಬಡತನವೂ ಕಾಯಿಲೆಯೂ ಅವನಿಂದ ಒಂದು ಸಾಲನ್ನೂ ಬರೆಸಲಿಲ್ಲ, ಬರೆಯಬೇಕಾಗಿದ್ದ ಮೂವತ್ತು ವರ್ಷಗಳನ್ನು ಕಿತ್ತುಕೊಂಡವು. ದುಡಿಮೆ ಕಲೆಯ ಜೊತೆ ಹೊಂದಿಕೊಂಡೀತು, ಹಸಿವು ಹೊಂದಿಕೊಳ್ಳದು.

ಮಣಿಪಾಲದಂಥ ಓದಿನ ಊರಿನಲ್ಲಿ ಚಾಲ್ತಿಯಲ್ಲಿರುವ ಇನ್ನೊಂದು ಕಲ್ಪನೆಯನ್ನು ಬೇಗ ಮುಗಿಸಿಬಿಡುತ್ತೇನೆ: ‘ನನ್ನ ಮಗ ಎಡ ಮೆದುಳಿನವನು, ಲೆಕ್ಕದಲ್ಲಿ ಚುರುಕು, ಮಗಳು ಬಲ ಮೆದುಳಿನವಳು, ಚಿತ್ರದಲ್ಲಿ ಚುರುಕು.’ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನುಗಳನ್ನು ಪರಿಶೀಲಿಸಿದರು. ಕೆಲವು ಕೆಲಸಗಳು ಒಂದು ಬದಿಗೆ ವಾಲಿರುವುದು ನಿಜ. ಆದರೆ ಇಡೀ ಮನುಷ್ಯ ‘ಎಡದವ’, ‘ಬಲದವ’ ಎಂದು ವಿಂಗಡಿಸುವುದಕ್ಕೆ ಪುರಾವೆ ಸಿಗಲಿಲ್ಲ. ಇಬ್ಬರು ಮಕ್ಕಳಿಗೂ ಬಣ್ಣದ ಪೆಟ್ಟಿಗೆ ಕೊಡಿಸಿ.

ಇನ್ನು ‘ಅವರಿಗೆ ಬಾಯಿ ತೆರೆದರೆ ಬರುತ್ತದೆ, ದೈವದತ್ತ’ ಎಂಬ ಮಾತು. ಕರಾವಳಿಯಲ್ಲಿ ಇದನ್ನು ಹೆಚ್ಚಾಗಿ ಹೇಳುವುದು ತಾಳಮದ್ದಲೆಯ ಅರ್ಥಧಾರಿಗಳ ಬಗ್ಗೆ. ವೇಷವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು, ಮದ್ದಲೆ, ಚೆಂಡೆ. ಎರಡು ಬದಿಗೆ ಪಂಚೆ ಶಾಲಿನ ಅರ್ಥಧಾರಿಗಳು. ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ, ಅಲ್ಲಿಂದ ಮಾತು ಶುರು. ಬರೆದಿಟ್ಟ ಸಂಭಾಷಣೆ ಒಂದು ಸಾಲೂ ಇಲ್ಲ. ವಾಲಿವಧೆಯಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರದ ಮರೆಯಿಂದ ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳಬೇಕು. ಆ ಒಂದು ಪ್ರಶ್ನೆ ಎಷ್ಟು ಹೊತ್ತು ಬೇಕಾದರೂ ಬೆಳೆಯಬಹುದು. ಇವತ್ತಿನ ರಾಮ ಕೊಟ್ಟ ಉತ್ತರ ನಿನ್ನೆಯ ರಾಮನದ್ದಲ್ಲವಾದ್ದರಿಂದ ವಾಲಿಯೂ ನಿನ್ನೆಯ ಮಾತನ್ನೇ ಆಡುವಂತಿಲ್ಲ.

ಕೇಳಿದವರಿಗೆ ಇದು ಪವಾಡದಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಕಾಸರಗೋಡು ಸೀಮೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಗಾಳಿಯಿಂದ ಮಾತು ಹಿಡಿದವರಲ್ಲ. ಅವರು ಹರಿಕಥೆಯನ್ನೂ ಮಾಡಿದವರು, ಪುರಾಣಗಳನ್ನು ಅರೆದು ಕುಡಿದವರು. ಮೂಲ್ಕಿಯ ಬಪ್ಪನಾಡು ಕ್ಷೇತ್ರದ ಪ್ರಸಂಗದಲ್ಲಿ ಅವರ ಬಪ್ಪ ಬ್ಯಾರಿ ಮನೆಮಾತಾಯಿತು. ರಾಮಾಯಣದ ವಾಲಿಯನ್ನು ಆಡಿಸಿದ ಬಾಯಿಯೇ ಮುಸ್ಲಿಂ ವ್ಯಾಪಾರಿಯೊಬ್ಬನ ಭಕ್ತಿಯನ್ನು, ಮಾತಿನ ಬನಿಯನ್ನು ಅಷ್ಟೇ ಸಲೀಸಾಗಿ ತಂದಿತು. ಆ ಬ್ಯಾರಿಯ ಮಾತು ಯಾವ ಪುರಾಣದಲ್ಲೂ ಸಿಗುವಂಥದ್ದಲ್ಲ, ಪೇಟೆಯಲ್ಲಿ ಕಿವಿಗೊಟ್ಟು ಕೇಳಿದವನಿಗೆ ಮಾತ್ರ ಸಿಗುವಂಥದ್ದು. ಆಶುಮಾತು ಎಂದರೆ ವರ್ಷಗಟ್ಟಲೆ ಕೂಡಿಟ್ಟದ್ದು ಒಂದು ಕ್ಷಣದಲ್ಲಿ ಸರಿಯಾದ ಜಾಗಕ್ಕೆ ಬಂದು ಬೀಳುವುದು. ಬೀಳಿಸುವವನು ಎದುರಾಳಿ. ಪದ್ಯದ ಚೌಕಟ್ಟು ಬಿಗಿಯಾಗಿರುವುದರಿಂದಲೇ ಅರ್ಥಧಾರಿ ಅಷ್ಟು ಸ್ವತಂತ್ರ. ಕತೆಯ ಕೊನೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು. ಹೇಗೆ ಸಾಯುತ್ತಾನೆ ಎಂಬುದಷ್ಟೇ ಅವನ ಕೈಯಲ್ಲಿ.

ಹಾಗೆಂದು ‘ಹತ್ತು ಜನ ಕೂತರೆ ಹೊಸ ಯೋಚನೆ ಹೊಳೆಯುತ್ತದೆ’ ಎಂಬ ಆಫೀಸು ಮೀಟಿಂಗಿನ ನಂಬಿಕೆಗೆ ಇದು ಸಾಕ್ಷಿಯಲ್ಲ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1958ರಲ್ಲೇ ತೋರಿಸಿದ್ದು ಇದಕ್ಕೆ ಉಲ್ಟಾ: ಗುಂಪಾಗಿ ಕೂತವರಿಗಿಂತ, ಅಷ್ಟೇ ಮಂದಿ ಬೇರೆಬೇರೆಯಾಗಿ ಯೋಚಿಸಿ ಆಮೇಲೆ ಕೂಡಿಸಿದಾಗ ಹೆಚ್ಚು ವಿಚಾರಗಳು ಬಂದವು. ತಾಳಮದ್ದಲೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವುದಿಲ್ಲ, ಒಬ್ಬ ಆಡುವಾಗ ಇನ್ನೊಬ್ಬ ಕಿವಿ ನೆಟ್ಟಗೆ ಮಾಡಿ ಕೂತಿರುತ್ತಾನೆ. ಮೀಟಿಂಗುಗಳಲ್ಲಿ ಕಾಣೆಯಾಗಿರುವುದು ಅದೇ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ‘ಹರಿವು ನಿಲ್ಲಬಾರದು, ದಿನವೂ ಏನಾದರೂ ಹೊಸದು ಮಾಡುತ್ತಲೇ ಇರಬೇಕು, ನಿಂತರೆ ಬತ್ತಿಹೋಯಿತು’ ಎಂಬ ಉಪದೇಶ ಈಚೆಗೆ ಎಲ್ಲೆಲ್ಲೂ ಕೇಳುತ್ತದೆ. ತುಳುನಾಡು ಇದನ್ನು ಎಂದೂ ಒಪ್ಪಿದ್ದಿಲ್ಲ. ಇಲ್ಲಿ ಪತ್ತನಾಜೆ ಎಂಬ ಒಂದು ದಿನವಿದೆ. ತುಳು ತಿಂಗಳು ಬೇಶದ ಹತ್ತು, ಅಂದರೆ ಮೇ 24ರ ಸುಮಾರಿಗೆ. ಆ ಹೊತ್ತಿಗೆ ಕೋಲ, ನೇಮ, ಜಾತ್ರೆ ಎಲ್ಲಕ್ಕೂ ತೆರೆ ಬೀಳುತ್ತದೆ. ಹಿಂದಿನ ನವೆಂಬರಿನಿಂದ ಊರೂರು ಸುತ್ತಿ ರಾತ್ರಿಯಿಡೀ ಕುಣಿದ ಕಟೀಲಿನಂಥ ಮೇಳಗಳ ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಕಿರೀಟ, ಭುಜಕೀರ್ತಿ ಪೆಟ್ಟಿಗೆ ಸೇರುತ್ತವೆ. ಚೌಕಿಯ ದೀಪ ಆರುತ್ತದೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ.

ನಡುವಿನ ತಿಂಗಳುಗಳಲ್ಲಿ ಕಲಾವಿದ ಏನು ಮಾಡುತ್ತಾನೆ? ಕೆಲವರು ಗದ್ದೆಗಿಳಿಯುತ್ತಾರೆ, ಕೆಲವರು ಬೇರೆ ದುಡಿಮೆ ಹಿಡಿಯುತ್ತಾರೆ. ಮಳೆಗಾಲದ ತಾಳಮದ್ದಲೆ ಕೂಟಗಳು ಆಗಲೇ ಕಳೆಗಟ್ಟುತ್ತವೆ. ಕುಣಿಯುವವನಿಗೆ ಕೂತು ಯೋಚಿಸುವ ಸರದಿ. ಇಬ್ಬರು ವೇಷಧಾರಿಗಳು, ಜೊತೆಗೆ ಹಿಮ್ಮೇಳ ಸೇರಿ ‘ಚಿಕ್ಕಮೇಳ’ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಚಾವಡಿಯಲ್ಲಿ ದೀಪ ಹಚ್ಚಿ, ಪ್ರಸಂಗದ ಒಂದು ತುಣುಕು ಆಡಿ, ಅಕ್ಕಿ ಕಾಯಿ ಕಾಣಿಕೆ ಪಡೆದು ಮುಂದಿನ ಮನೆಗೆ. ಸಂಪ್ರದಾಯಕ್ಕೆ ಇದು ಅಪಚಾರ ಎಂದು ಗೊಣಗುವವರೂ ಇದ್ದಾರೆ. ಇದರ ಹಿಂದೆ ಹೊಟ್ಟೆಪಾಡೂ ಇದೆ, ಅದನ್ನು ಮುಚ್ಚಿಟ್ಟು ವಿಶ್ರಾಂತಿಯ ಗುಣಗಾನ ಮಾಡುವುದು ಸರಿಯಲ್ಲ. ಆದರೂ ಇಲ್ಲಿನ ಲೆಕ್ಕಾಚಾರ ಜಾಣತನದ್ದು. ನಿಲ್ಲಿಸುವ ದಿನವೂ ಶುರು ಮಾಡುವ ಕಾಲವೂ ಮೊದಲೇ ನಿಗದಿ. ಯಾರೂ ‘ನನಗೆ ಸಾಕಾಗಿದೆ’ ಎಂದು ನಾಚಿಕೊಂಡು ಹೇಳಬೇಕಾಗಿಲ್ಲ, ‘ಮತ್ತೆ ಆದೀತೇ’ ಎಂದು ಹೆದರಬೇಕಾಗಿಯೂ ಇಲ್ಲ. ಎಲ್ಲೂರಿನ ಸ್ಥಾವರದಲ್ಲಿ ದುಡಿದವರಿಗೆ ಇದು ಅರ್ಥವಾದೀತು: ಪೂರ್ತಿ ತಣ್ಣಗಾದ ಬಾಯ್ಲರನ್ನು ಮತ್ತೆ ಹದಕ್ಕೆ ತರಲು ಗಂಟೆಗಟ್ಟಲೆ ಬೇಕು, ಬೆಚ್ಚಗಿದ್ದದ್ದಕ್ಕೆ ಅಷ್ಟು ಬೇಡ. ಮಳೆಗಾಲದ ಕೂಟಗಳು ಮಾಡುವುದು ಈ ಬೆಚ್ಚಗಿಡುವ ಕೆಲಸವನ್ನೇ.

ಬಿಡುವಿನಿಂದ ಹೊಳಹು ಬರುತ್ತದೆ ಎಂಬುದು ಬರಿಯ ಅನುಭವದ ಮಾತಾಗಿ ಉಳಿದಿಲ್ಲ. ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲೇ ಯೋಚನೆಯ ನಾಲ್ಕು ಹಂತಗಳನ್ನು ಹೇಳುವಾಗ, ಸಿದ್ಧತೆಯ ನಂತರ ವಿಷಯವನ್ನು ಬದಿಗಿಟ್ಟು ಬಿಡುವ ಕಾವಿನ ಹಂತವೊಂದನ್ನು ಸೇರಿಸಿದ್ದ. ಆಮೇಲಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2009ರ ಒಂದು ಸಮೀಕ್ಷೆಯಲ್ಲೂ ಅಂಥ ವಿರಾಮದಿಂದ ಪ್ರಯೋಜನವಿದೆ ಎಂದೇ ಕಂಡುಬಂತು. ಷರತ್ತು ಒಂದೇ: ಮೊದಲು ಮೈಮುರಿದು ದುಡಿದಿರಬೇಕು. ಆರು ತಿಂಗಳು ರಾತ್ರಿ ನಿದ್ದೆಗೆಟ್ಟವನಿಗೆ ಪತ್ತನಾಜೆ, ಏನೂ ಮಾಡದವನಿಗೆ ಅದು ಮೇ ತಿಂಗಳ ಇನ್ನೊಂದು ದಿನ.

‘ಒಂದೇ ವಿಷಯಕ್ಕೆ ಅಂಟಿಕೊಳ್ಳಬೇಕು, ಹತ್ತು ಕಡೆ ಕೈಹಾಕಿದರೆ ಶಕ್ತಿ ಚದುರುತ್ತದೆ’ ಎನ್ನುವವರಿಗೆ ಇಬ್ಬರು ಉತ್ತರ ಕೊಡಬಲ್ಲರು. ಒಬ್ಬರು ಕೃಷ್ಣ ಹೆಬ್ಬಾರರು, 1911ರಲ್ಲಿ ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯ ಜೆ.ಜೆ. ಕಲಾಶಾಲೆ, ಪ್ಯಾರಿಸ್ಸುಗಳನ್ನು ಕಂಡು ಬಂದ ಕೆ.ಕೆ. ಹೆಬ್ಬಾರ್. ಕುಂಚ ಕೈಯಲ್ಲಿ ಹಿಡಿದು ಹೆಸರಾದ ಮೇಲೆ ಅವರು ಕಥಕ್ ಕಲಿಯಲು ಹೋದರು. ವೇದಿಕೆ ಹತ್ತುವ ಆಸೆಗಲ್ಲ, ಲಯ ಎಂಬುದು ಮೈಯೊಳಗೆ ಹೇಗೆ ಓಡುತ್ತದೆ ಎಂದು ತಿಳಿಯಲಿಕ್ಕೆ. ಆಮೇಲಿನ ಅವರ ರೇಖಾಚಿತ್ರಗಳ ನರ್ತಕಿಯರನ್ನು ನೋಡಿ: ಗೆರೆ ಕಾಗದದಿಂದ ಎದ್ದು ಒಂದೇ ಉಸಿರಿನಲ್ಲಿ ತಿರುಗುತ್ತದೆ. ಕುಂಚಕ್ಕೆ ಬೇಕಾದದ್ದು ಕಾಲಿನಲ್ಲಿ ಸಿಕ್ಕಿತು.

ಇನ್ನೊಬ್ಬರು ಕೋಟದ ಶಿವರಾಮ ಕಾರಂತರು. ನಲವತ್ತಕ್ಕೂ ಹೆಚ್ಚು ಕಾದಂಬರಿ, ನಾಟಕ, ಮಕ್ಕಳ ವಿಶ್ವಕೋಶ, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’, ಯಕ್ಷಗಾನದ ಸಂಶೋಧನೆ, ಬ್ಯಾಲೆ. ಮೂಕಿಚಿತ್ರ ತೆಗೆಯಲೂ ಹೋಗಿದ್ದರು, ಅದು ಕೈ ಹಿಡಿಯಲಿಲ್ಲ. ಅವರ ಕಾದಂಬರಿಗಳಲ್ಲಿ ಎಲ್ಲವೂ ‘ಮರಳಿ ಮಣ್ಣಿಗೆ’ಯ ಮಟ್ಟದವೆಂದು ಅವರ ಅಭಿಮಾನಿಗಳೂ ಹೇಳಲಾರರು. ಅಮೆರಿಕದ ಮನೋವಿಜ್ಞಾನಿ ಡೀನ್ ಸೈಮಂಟನ್ ಅನೇಕ ಸಾಧಕರ ಬದುಕನ್ನು ಲೆಕ್ಕಹಾಕಿ ಕಂಡುಕೊಂಡದ್ದೂ ಇದನ್ನೇ: ಹೆಚ್ಚು ಶ್ರೇಷ್ಠ ಕೃತಿ ಕೊಟ್ಟವರು ಸಾಮಾನ್ಯವಾಗಿ ಹೆಚ್ಚು ಸಾಧಾರಣ ಕೃತಿಯನ್ನೂ ಕೊಟ್ಟವರು.

ಕೊನೆಯದಾಗಿ ವಯಸ್ಸು. ‘ಮೂವತ್ತರೊಳಗೆ ಬರೆಯದವನು ಮತ್ತೆ ಬರೆಯಲಾರ.’ ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೆ ಶಾಲೆಯ ಓದು ಮುಗಿಸುವುದೇ ಆ ಕಾಲದಲ್ಲಿ ಒಂದು ಸಾಹಸವಾಗಿತ್ತು. ಮುಂದೆ ಕಾಲೇಜಿಲ್ಲ, ಮದುವೆ, ಮಕ್ಕಳು. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1980ರ ದಶಕದ ಆರಂಭದಲ್ಲಿ, ಆಗ ಅವರಿಗೆ ನಲವತ್ತು ದಾಟಿತ್ತು. ತಲಾಖ್ ಆದ ಹೆಣ್ಣು ಮಗಳು ನಾದಿರಾಳ ಆ ಕತೆಗೆ ಬೇಕಾದ ಮಾತು, ಮೌನ, ಅಡುಗೆಕೋಣೆಯ ಪಿಸುಗುಟ್ಟುವಿಕೆ ಯಾವುದೂ ಇಪ್ಪತ್ತರ ಹರೆಯದಲ್ಲಿ ಅಷ್ಟು ದಟ್ಟವಾಗಿ ಸಿಗುತ್ತಿರಲಿಲ್ಲ ಎಂದೇ ನನ್ನ ಅನುಮಾನ. 1994ರಲ್ಲಿ, ಬೇರೆಯವರು ನಿವೃತ್ತಿಯ ಅರ್ಜಿ ಬರೆಯುವ ವಯಸ್ಸಿನಲ್ಲಿ, ಅವರು ಚಂದ್ರಗಿರಿ ಪ್ರಕಾಶನವೆಂಬ ಸ್ವಂತ ಸಂಸ್ಥೆ ಶುರು ಮಾಡಿದರು.