ಗೋದಲಿಗೆ ಮುನ್ನ ಸಮಾಧಿಯ ನೆನಪು

ಕಾರ್ತಿಕದ ದೀಪಗಳು ಆರುವ ವೇಳೆಗೆ ಬಳ್ಳಾರಿಯ ಬಿಸಿಲು ತನ್ನ ತೀಕ್ಷ್ಣತೆಯನ್ನು ಕಳೆದುಕೊಂಡಿರುತ್ತದೆ. ಆ ದಿನಗಳಲ್ಲಿಯೇ ಊರಿನ ಚರ್ಚುಗಳಲ್ಲಿ ‘ಆಗಮನ ಕಾಲ’ ಪ್ರಾರಂಭವಾಗುವುದು. ಕ್ರಿಸ್ತಜಯಂತಿಗೆ ಹಿಂದಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿಯಿದು. ಹೊರಗಿನವರಿಗೆ ಇದು ಹಬ್ಬದ ಸಡಗರವೆಂದೇ ತೋರುವುದು ಸಹಜ. ಆದರೆ ಪೂಜೆಯ ವೇಳೆ ಪಾದ್ರಿಗಳು ಧರಿಸುವುದು ಪಶ್ಚಾತ್ತಾಪವನ್ನು ಸೂಚಿಸುವ ನೇರಿಳೆ ವಸ್ತ್ರ. ಮರಣ, ನ್ಯಾಯತೀರ್ಪು, ಸ್ವರ್ಗ, ನರಕ ಎಂಬ ನಾಲ್ಕು ಅಂತ್ಯವಿಷಯಗಳನ್ನು ಈ ನಾಲ್ಕು ವಾರಗಳಲ್ಲಿ ಬೋಧಿಸುವುದು ಪಾಶ್ಚಾತ್ಯ ಕ್ರೈಸ್ತರ ಹಳೆಯ ಪದ್ಧತಿ.

ಶಿಶುವಿನ ಜನನವನ್ನು ಎದುರುನೋಡುವಾಗ ಸಾವಿನ ಮಾತೇಕೆ? ಕ್ರೈಸ್ತರ ನಂಬಿಕೆಯಂತೆ ಆಗಮನಗಳು ಎರಡು. ಬೆತ್ಲೆಹೇಮಿನ ಗೋದಲಿಯಲ್ಲಿ ನಡೆದುಹೋದುದು ಒಂದು. ಲೋಕಾಂತ್ಯದಲ್ಲಿ ಬದುಕಿರುವವರಿಗೂ ಸತ್ತವರಿಗೂ ತೀರ್ಪು ನೀಡಲು ನಡೆಯಲಿರುವುದು ಮತ್ತೊಂದು. ಕಥೋಲಿಕರ ಆರಾಧನೆಯಲ್ಲಿ ಡಿಸೆಂಬರ್ 16ರವರೆಗೆ ಆ ಎರಡನೆಯ ಆಗಮನದ ಧ್ಯಾನವೇ ಪ್ರಧಾನ. 17ರಿಂದ ದೃಷ್ಟಿ ಗೋದಲಿಯತ್ತ ತಿರುಗುವುದು.

ಈ ನಂಬಿಕೆಯನ್ನು ಕನ್ನಡದಲ್ಲಿ ನುಡಿಯುವ ಕಾರ್ಯಕ್ಕೂ ಬಳ್ಳಾರಿಗೂ ಹಳೆಯ ನಂಟಿದೆ. ಲಂಡನ್ ಮಿಷನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ತೊಡಗಿದರು. ಮುಂದೆ ವಿಲಿಯಂ ರೀವ್ ನೆರವಾದರು. 1831ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ದೊರೆಯಿತು. ಪರಲೋಕದ ವಿಚಾರ ಹೇಳಲು ಕನ್ನಡದಲ್ಲಿ ಪದಗಳಿಗೆ ಬಡತನವಿರಲಿಲ್ಲ. ಆದರೆ ಒಂದೊಂದು ಪದಕ್ಕೂ ಅದರದೇ ಆದ ಅರ್ಥಪರಂಪರೆಯಿತ್ತು. ಇಂದಿನ ಕನ್ನಡ ಬೈಬಲಿನಲ್ಲಿ ಬರುವ ‘ಪುನರುತ್ಥಾನ’ವು ಕಿವಿಗೆ ‘ಪುನರ್ಜನ್ಮ’ದ ನೆಂಟನಂತೆ ಕೇಳಿಸಿದರೂ ಅದರ ತಾತ್ಪರ್ಯವೇ ಬೇರೆ. ಮತ್ತೊಂದು ಗರ್ಭವಿಲ್ಲ, ಮತ್ತೊಂದು ಹೆಸರಿಲ್ಲ. ಮಡಿದ ಅದೇ ವ್ಯಕ್ತಿ, ರೂಪಾಂತರಗೊಂಡ ದೇಹದೊಡನೆ ಎದ್ದುಬರುವನೆಂಬುದೇ ಅದರ ಅರ್ಥ. ಸಮಾಧಿಭೂಮಿಗೆ ಇಂಗ್ಲಿಷಿನಲ್ಲಿರುವ ‘ಸೆಮೆಟರಿ’ ಎಂಬ ಹೆಸರಿನ ಗ್ರೀಕ್ ಮೂಲಕ್ಕೂ ‘ಮಲಗುವ ಸ್ಥಳ’ವೆಂದೇ ಅರ್ಥ. ಮಲಗಿದವರು ಏಳುವರು ಎಂಬ ಭರವಸೆ ಆ ಹೆಸರಿನಲ್ಲಿಯೇ ಅಡಗಿದೆ.

ವರ್ಷದಲ್ಲಿ ಒಬ್ಬರನ್ನು ಕಳೆದುಕೊಂಡ ಮನೆಗೆ ಈ ಮಾತು ಕೇವಲ ತತ್ತ್ವವಲ್ಲ. ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ತಂದೆಯ ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿದ ಮಗಳು, ತಿಂಗಳು ಕಳೆಯುವಷ್ಟರಲ್ಲಿ ಹಬ್ಬದ ಮನೆಯನ್ನು ಸಿಂಗರಿಸಬೇಕು. ಊಟದ ಪಂಕ್ತಿಯಲ್ಲಿ ಒಂದು ಸ್ಥಾನ ಬರಿದಾಗಿರುತ್ತದೆ. ಹಾಡಿನಲ್ಲಿ ಒಂದು ದನಿ ಕಡಿಮೆಯಾಗಿರುತ್ತದೆ. ದುಃಖವನ್ನು ಮರೆತುಬಿಡು ಎಂದು ಆಗಮನ ಕಾಲ ಆಕೆಗೆ ಹೇಳುವುದಿಲ್ಲ. ಕಾದಿರು ಎಂದಷ್ಟೇ ಹೇಳುತ್ತದೆ.