ಒಂದು ಪಾಯಿಂಟ್‌ನ ಚಾಂಪಿಯನ್: ಫಾರ್ಮುಲಾ ಒನ್ ಟೇಬಲ್‌ನಲ್ಲಿ ಬೀಜಗಣಿತ

ಇವತ್ತಿನ ಎಪಿಸೋಡ್‌ಗೆ ಇಯರ್‌ಫೋನ್ ಜೊತೆ ಒಂದು ಪೆನ್ನು, ಒಂದು ಚೀಟಿನೂ ಇಟ್ಕೊಳ್ಳಿ.

2008ರ ನವೆಂಬರ್ 2, ಬ್ರೆಜಿಲ್. ಫೆರಾರಿಯ ಫೆಲಿಪೆ ಮಾಸಾ ತನ್ನ ಊರು ಸಾವೊ ಪಾಲೊದಲ್ಲೇ ಸೀಸನ್‌ನ ಕೊನೇ ರೇಸ್ ಗೆದ್ದ. ಅವನ ಮನೆಯವರು ಆಗಲೇ ಕುಣಿಯೋಕೆ ಶುರು ಮಾಡಿದ್ರು. ಹಿಂದೆ ಬರ್ತಿದ್ದ ಲೂಯಿಸ್ ಹ್ಯಾಮಿಲ್ಟನ್ ಕೊನೇ ಲ್ಯಾಪ್‌ನಲ್ಲಿ ಟಿಮೊ ಗ್ಲಾಕ್‌ನನ್ನು ದಾಟಿ ಐದನೇ ಸ್ಥಾನಕ್ಕೆ ಬಂದ. 98–97. ಹ್ಯಾಮಿಲ್ಟನ್ ಚಾಂಪಿಯನ್. ಆ ವರ್ಷ ಮಾಸಾ ಗೆದ್ದಿದ್ದು 6 ರೇಸ್, ಹ್ಯಾಮಿಲ್ಟನ್ 5.

ಹೆಚ್ಚು ಗೆದ್ದವನು ಸೋತಿದ್ದು ಹೇಗೆ? (ಆ ವರ್ಷದ ಸಿಂಗಪುರ ರೇಸ್ ಕಥೆ ಬೇರೆ, ಅದಕ್ಕೆ ಇನ್ನೊಂದು ಎಪಿಸೋಡೇ ಬೇಕು.)

ಎಕ್ಸ್, ವೈ ಅಂದ ತಕ್ಷಣ ಸ್ಕಿಪ್ ಒತ್ತುವವರಿಗಾಗಿ ಕನ್ನಡದ ಅಕ್ಷರಗಳನ್ನೇ ತಗೊಳ್ಳೋಣ. ಗೆಲುವಿಗೆ ಸಿಗೋ ಪಾಯಿಂಟ್ ‘ಗ’. ಎರಡನೇ ಸ್ಥಾನಕ್ಕೆ ‘ಎ’, ಮೂರನೇದಕ್ಕೆ ‘ಮ’, ಐದನೇದಕ್ಕೆ ‘ಐ’, ಆರನೇದಕ್ಕೆ ‘ಆ’, ಏಳನೇದಕ್ಕೆ ‘ಏ’. ನಾಲ್ಕು, ಎಂಟನೇ ಸ್ಥಾನಕ್ಕೆ ಅಕ್ಷರ ಬೇಡ, ಇಬ್ಬರೂ ಒಮ್ಮೆಯೂ ಅಲ್ಲಿ ಮುಗಿಸಿಲ್ಲ.

ಹ್ಯಾಮಿಲ್ಟನ್ = 5ಗ + 2ಎ + 3ಮ + 3ಐ + ಏ
ಮಾಸಾ = 6ಗ + 2ಎ + 2ಮ + ಐ + ಆ + ಏ

ಇಲ್ಲೇ ಎಲ್ಲರೂ ಗಡಿಬಿಡಿಯಲ್ಲಿ ಅಂಕಿ ತುಂಬಿಸೋಕೆ ಹೋಗ್ತಾರೆ. ತಡೀರಿ, ಮೊದಲು ಕಳೀರಿ. 2ಎ ಇಬ್ಬರಿಗೂ ಇದೆ, ಹೋಯ್ತು. ಏ ಕೂಡ ಹೋಯ್ತು. ಒಂದಿಡೀ ಸೀಸನ್, 18 ರೇಸ್ ಕರಗಿ ಉಳಿಯೋದು ಇಷ್ಟೇ:

ವ್ಯತ್ಯಾಸ = ಮ + 2ಐ − ಗ − ಆ

ಉತ್ತರ ಪ್ಲಸ್ ಬಂದ್ರೆ ಹ್ಯಾಮಿಲ್ಟನ್, ಮೈನಸ್ ಬಂದ್ರೆ ಮಾಸಾ. ಈಗ ಅಂಕಿ ಹಾಕಿ. 2008ರ ನಿಯಮ 10, 8, 6, 5, 4, 3, 2, 1. ಅಂದ್ರೆ 6 + 8 − 10 − 3 = 1. ಸರಿ ಹೋಯ್ತಲ್ಲ?

2002ರವರೆಗಿದ್ದ ನಿಯಮ 10, 6, 4, 3, 2, 1. ಅದನ್ನ ಹಾಕಿ: 4 + 4 − 10 − 1 = −3. ಟ್ರೋಫಿ ಮಾಸಾಗೆ! ಎರಡೂ ನಿಯಮದಲ್ಲಿ ಗೆಲುವಿಗೆ 10 ಪಾಯಿಂಟೇ. ಬದಲಾಗಿದ್ದು ಕೆಳಗಿನ ಸ್ಥಾನಗಳ ಬೆಲೆ. 2003ರಲ್ಲಿ ಅವನ್ನೆಲ್ಲ ಏರಿಸಿದ್ರು. ನನ್ನ ಪ್ರಕಾರ ಮಾಸಾ ಕೈಯಿಂದ ಚಾಂಪಿಯನ್‌ಶಿಪ್ ಜಾರೋಕೆ ಗ್ಲಾಕ್‌ಗಿಂತ ಈ ಟೇಬಲ್ಲೇ ದೊಡ್ಡ ಕಾರಣ, ಪಾಪ ಬೈಗುಳ ತಿಂದಿದ್ದು ಮಾತ್ರ ಗ್ಲಾಕ್.

2010ರಲ್ಲಿ ಬಂದ ನಿಯಮ 25, 18, 15, 12, 10, 8, 6, 4, 2, 1. ಇಲ್ಲಿ ಹುಷಾರು: ಹತ್ತನೇ ಸ್ಥಾನಕ್ಕೂ ಪಾಯಿಂಟ್ ಇದೆ, ಹ್ಯಾಮಿಲ್ಟನ್ ಫ್ರಾನ್ಸ್‌ನಲ್ಲಿ ಹತ್ತನೆಯವನಾಗಿದ್ದ. ಹಾಗಾಗಿ ‘ಹ’ ಸೇರಿಸಬೇಕು. 2008ರಲ್ಲಿ ಹ = 0 ಇದ್ದಿದ್ದಕ್ಕೆ ಅದು ಕಣ್ಣಿಗೇ ಬಿದ್ದಿರಲಿಲ್ಲ. 15 + 20 − 25 − 8 + 1 = 3. ಮತ್ತೆ ಹ್ಯಾಮಿಲ್ಟನ್.

ಈಗ ಉಲ್ಟಾ ಕೇಳೋಣ. ಉಳಿದಿದ್ದೆಲ್ಲ 2008ರಂತೆಯೇ ಇರಲಿ, ಮಾಸಾ ಗೆಲ್ಲೋಕೆ ಗೆಲುವಿನ ಬೆಲೆ ಎಷ್ಟಿರಬೇಕಿತ್ತು? ವ್ಯತ್ಯಾಸ = 11 − ಗ. ಗ 12 ಆದ್ರೆ ಮಾಸಾ ನೇರವಾಗಿ ಮುಂದೆ. 11 ಆದ್ರೆ ಟೈ, ಟೈ ಆದಾಗ ಹೆಚ್ಚು ರೇಸ್ ಗೆದ್ದವನೇ ಚಾಂಪಿಯನ್. ಅಂದ್ರೆ 10ರ ಬದಲು 11 ಇದ್ದಿದ್ರೆ ಸಾಕಿತ್ತು.

ಮನೆಯಲ್ಲಿ ಎಂಟು, ಒಂಬತ್ತನೇ ಕ್ಲಾಸಿನ ತಮ್ಮನೋ ತಂಗಿಯೋ ಇದ್ರೆ ಇದನ್ನ ಕೊಡಿ. 2014ರಲ್ಲಿ ಕೊನೇ ರೇಸ್‌ಗೆ ಡಬಲ್ ಪಾಯಿಂಟ್ ಇತ್ತು, ಮರುವರ್ಷವೇ ಕೈಬಿಟ್ರು. 2008ರ ಟೇಬಲ್‌ಗೆ ಅದನ್ನ ಹಚ್ಚಿದ್ರೆ? ಕೊನೇ ರೇಸ್‌ನಲ್ಲಿ ಮಾಸಾ ಮೊದಲು, ಹ್ಯಾಮಿಲ್ಟನ್ ಐದು. ಆ ಒಂದು ರೇಸ್‌ನ ಪಾಯಿಂಟ್ ಮತ್ತೊಮ್ಮೆ ಸೇರಿಸಿ: 1 + (ಐ − ಗ). ಉತ್ತರ −5 ಬರಬೇಕು.