ಬೂದಿಯೊಳಗಿನ ಪೊಟ್ಯಾಷ್

ಪೊಟ್ಯಾಷ್ ಎಂಬುದು ಕೆನಡಾ, ರಷ್ಯಾ, ಜೋರ್ಡಾನ್ ದೇಶಗಳಿಂದ ಹಡಗನ್ನೇರಿ ಬರತಕ್ಕ ವಸ್ತುವೇ ಹೊರತು ನಮ್ಮ ನೆಲದಲ್ಲಿ ದೊರೆಯತಕ್ಕದ್ದಲ್ಲವೆಂಬ ನಂಬಿಕೆ ನಮ್ಮ ಬೇಸಾಯಗಾರರಲ್ಲಿಯೂ ಅವರಿಗೆ ಸಲಹೆಯೀಯುವ ವಿದ್ಯಾವಂತರಲ್ಲಿಯೂ ಆಳವಾಗಿ ಬೇರೂರಿದೆ. ಭಾರತವು ತನಗೆ ಬೇಕಾದ ಮ್ಯುರಿಯೇಟ್ ಆಫ್ ಪೊಟ್ಯಾಷ್ ಎಂಬ ಗೊಬ್ಬರವನ್ನು ಹೆಚ್ಚುಕಡಿಮೆ ಪೂರ್ಣವಾಗಿ ಹೊರಗಿನಿಂದ ತರಿಸಿಕೊಳ್ಳುತ್ತಿರುವುದು ನಿಜವೇ. ಆದರೆ ಪೊಟ್ಯಾಷ್ ಎಂಬ ಹೆಸರೇ ಮಡಕೆ, ಬೂದಿ ಎಂಬ ಎರಡು ಮಾತುಗಳು ಕೂಡಿ ಆದದ್ದು. 1861ರ ಸುಮಾರಿಗೆ ಜರ್ಮನಿಯ ಸ್ಟಾಸ್‌ಫುರ್ಟಿನಲ್ಲಿ ಗಣಿಯ ಲವಣದ ಉದ್ಯಮವು ತಲೆಯೆತ್ತುವವರೆಗೆ, ಮರದ ಬೂದಿಯನ್ನು ನೀರಿನಲ್ಲಿ ಕದಡಿ, ಅದರ ತಿಳಿಯನ್ನು ಬತ್ತಿಸಿಯೇ ಜಗತ್ತು ಬಹುಮಟ್ಟಿಗೆ ಈ ಲವಣವನ್ನು ಪಡೆಯುತ್ತಿತ್ತು.

ಕಬ್ಬಿನ ಸಂಗತಿಯನ್ನೇ ನೋಡಬಹುದು. ಮಂಡ್ಯದ ಗದ್ದೆಯಿಂದಲೋ ಬೆಳಗಾವಿಯ ಹೊಲದಿಂದಲೋ ಕಬ್ಬು ಹೀರಿಕೊಂಡ ಪೊಟ್ಯಾಷಿನಲ್ಲಿ ದೊಡ್ಡ ಪಾಲು ಸಕ್ಕರೆಯೊಡನೆ ಹೋಗದೆ ಕಾಕಂಬಿಯಲ್ಲಿ ನಿಲ್ಲುತ್ತದೆ. ಕಾಕಂಬಿಯನ್ನು ಹುಳಿಸಿ ಮದ್ಯಸಾರವನ್ನು ಭಟ್ಟಿಯಿಳಿಸಿದ ಮೇಲೆಯೂ ಅದು ನಾಶವಾಗದೆ, ಹಳ್ಳಕೊಳ್ಳಗಳನ್ನು ಕೆಡಿಸುವುದೆಂದು ನಾವು ಹೆದರುವ ಆ ಕಪ್ಪು ದ್ರವದಲ್ಲಿಯೇ ಉಳಿದಿರುತ್ತದೆ. ಆ ದ್ರವವನ್ನು ಗಟ್ಟಿಗೊಳಿಸಿ ಬಾಯ್ಲರಿನಲ್ಲಿ ಉರಿಸಿದಾಗ ದೊರೆಯುವ ಬೂದಿಯಿಂದ ಸಿದ್ಧವಾಗುವ, ಶೇಕಡ 14.5ರಷ್ಟು ಪೊಟ್ಯಾಷ್ ಇರಬೇಕಾದ ಗೊಬ್ಬರವನ್ನು ಕೇಂದ್ರ ಸರ್ಕಾರವು 2021ರಲ್ಲಿ ಸಹಾಯಧನದ ಪಟ್ಟಿಗೆ ಸೇರಿಸಿತು. ಚೀಲಕ್ಕೆ ಚೀಲ ಸಮವೆಂದು ಮಾತ್ರ ಯಾರೂ ಭಾವಿಸಬಾರದು: ಮ್ಯುರಿಯೇಟಿನಲ್ಲಿ ಶೇಕಡ 60ರಷ್ಟಿರುವುದರಿಂದ ಅದರ ಒಂದು ಚೀಲಕ್ಕೆ ಇದರ ನಾಲ್ಕು ಚೀಲಕ್ಕೂ ತುಸು ಹೆಚ್ಚೇ ಬೇಕು. ಆದಕಾರಣ ಕಾರ್ಖಾನೆಯ ಆಸುಪಾಸಿನ ಹೊಲಗಳಿಗೇ ಇದು ಮೊದಲು ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧವಾದ ಭ್ರಮೆಯೂ ಒಂದುಂಟು. ನಮ್ಮ ಕಣಶಿಲೆಯಲ್ಲಿ ಪೊಟ್ಯಾಷ್ ಇದೆಯಾದ್ದರಿಂದ ಕಲ್ಲುಪುಡಿಯನ್ನು ಎರಚಿದರೆ ಸಾಕೆಂಬುದು. ಅದು ಇರುವುದು ಫೆಲ್ಡ್‌ಸ್ಪಾರ್ ಖನಿಜದ ಬಿಗಿಯಾದ ಬಂಧನದಲ್ಲಿ. ಈ ವರ್ಷದ ಬೆಳೆಯ ಹಸಿವಿಗೆ ಅದು ಒದಗಲಾರದು.

ಒಲೆಯ ಬೂದಿ ಎಲ್ಲ ಮಣ್ಣಿಗೂ ಹಿತವೆಂಬ ಮಾತೂ ಪೂರ್ಣಸತ್ಯವಲ್ಲ. ಬೂದಿಯು ಕ್ಷಾರ. ಮಳೆಯಲ್ಲಿ ತೊಳೆದು ಹುಳಿಯಾದ ಕರಾವಳಿಯ ಜಂಬಿಟ್ಟಿಗೆ ಮಣ್ಣಿಗೆ ಅದು ಅಮೃತಪ್ರಾಯ. ತೆಂಕಣದ ತೋಟಿಗರು ತರಗೆಲೆಯ ಮೇಲೆ ಮಣ್ಣನ್ನು ಹೊದಿಸಿ ಮೆಲ್ಲನೆ ಬೇಯಿಸುವ ಸುಡುಮಣ್ಣಿನಲ್ಲಿ ಈ ತಿಳಿವಳಿಕೆಯೇ ಅಡಗಿದೆ. ಚೌಳು ನೆಲಕ್ಕಾದರೋ ಅದೇ ಬೂದಿ ಕೇಡು. ಅಮೋನಿಯದ ಗೊಬ್ಬರದೊಡನೆ ಅದನ್ನು ಬೆರೆಸಿದರಂತೂ ಸಾರಜನಕವು ಹಬೆಯಾಗಿ ಹಾರಿಹೋಗುತ್ತದೆ.

ಹಾಗಾದರೆ ಹೊಲದ ರವದಿಯನ್ನೂ, ಎಂದರೆ ಕಬ್ಬಿನ ಒಣಸೋಗೆಯನ್ನೂ, ಸುಟ್ಟರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಪೊಟ್ಯಾಷು ಸಸ್ಯದ ನಾರಿನಲ್ಲಿ ಹೆಣೆದುಕೊಳ್ಳದೆ ರಸದಲ್ಲಿ ಕರಗಿಯೇ ಇರುವುದರಿಂದ, ರವದಿಯಾಗಲಿ ಭತ್ತದ ಹುಲ್ಲಾಗಲಿ ಕೊಳೆಯುವುದಕ್ಕೆ ಮುನ್ನವೇ ಅದು ಮಳೆಯ ನೀರಿನೊಡನೆ ಮಣ್ಣಿಗಿಳಿಯುತ್ತದೆ. ಅದಕ್ಕಾಗಿ ಬೆಂಕಿಯ ಅಗತ್ಯವೇ ಇಲ್ಲ. ಸುಟ್ಟ ಬೂದಿಯನ್ನು ಗಾಳಿ ಒಯ್ಯಬಹುದು, ಜಡಿಮಳೆ ಕೊಚ್ಚಬಹುದು. ಸಾಲುಗಳ ನಡುವೆ ಹೊದಿಸಿದ ರವದಿಯಾದರೋ ತನ್ನ ಪೊಟ್ಯಾಷನ್ನು ಕೂಳೆಕಬ್ಬಿನ ಬೇರಿಗೆ ಇಳಿಸಿ, ಬೇಸಗೆಯಲ್ಲಿ ನೆಲದ ತೇವವನ್ನೂ ಕಾಯುತ್ತದೆ.